ಹೊಳಿಯಪ್ಪ ಮಾಸ್ತರರ ಬೈಗುಳ

ಹೊಸರಿತ್ತಿಯ ಹೊಳಿಯಪ್ಪ ಮಾಸ್ತರರು ತಮ್ಮ ಸಾಲಿಯಲ್ಲಿ ಹುಡುಗರ ಮೇಲೆ ಕೈ ಎತ್ತುತ್ತಿದ್ದದ್ದು ಒಂದೇ ತಪ್ಪಿಗೆ. ಯಾವನಾದರೂ ಇನ್ನೊಬ್ಬನಿಗೆ ‘ಬೋಳಿಮಗನ’ ಅಂದದ್ದು ಕಿವಿಗೆ ಬಿದ್ದರೆ ಅವನ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಮಾಸ್ತರರು ಹೊಟ್ಟೆಯಲ್ಲಿದ್ದಾಗಲೇ ಅವರ ತಂದೆ ತೀರಿಹೋಗಿದ್ದರು. ತಾಯಿ ಕಂಡವರ ಹೊಲದಲ್ಲಿ ಕಳೆ ತೆಗೆದು ಮಗನನ್ನು ಓದಿಸಿದ್ದಳು. ಗಂಡ ಸತ್ತವಳ ಮಗ ಅನ್ನುವ ಆ ಬೈಗುಳವನ್ನು ಸಣ್ಣವರಿದ್ದಾಗ ಅವರು ಓಣಿಯಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದರೋ, ಯಾರಿಗೂ ಹೇಳಿದವರಲ್ಲ.

ನಿವೃತ್ತಿಯಾದ ಮೇಲೆ, ಎರಡು ಸಾವಿರದ ಆರರ ಬೇಸಿಗೆಯಲ್ಲಿ, ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಎಳೆಯತೊಡಗಿತು, ಮಾತು ಪೂರ್ತಿ ನಿಂತಿತು. ಹೆಂಡತಿ ದೇವವ್ವ ಅವರನ್ನು ರಾಣೇಬೆನ್ನೂರಿನ ಹೊರಗೆ, ಹೈವೇ ಪಕ್ಕದ ಖಾಸಗಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿ ಫ್ರೀ ಬೆಡ್ ಇತ್ತು. ಕೆಲವು ದಿನಗಳ ಮೇಲೆ ಒಂದು ಮುಂಜಾನೆ, “ಗಂಜಿ ಕುಡೀತೀರೇನು?” ಅಂತ ದೇವವ್ವ ಕೇಳಿದಾಗ ಮಾಸ್ತರರ ತುಟಿ ಅಲುಗಾಡಿತು. ಮಾತು ಬಂತು ಅಂತ ಆಕೆ ಹಿಗ್ಗಿ ಮುಂದಕ್ಕೆ ಬಾಗಿದಳು.

“ಬೋಳಿಮಗನ,” ಅಂದರು ಮಾಸ್ತರರು.

ದೇವವ್ವನಿಗಿಂತ ಅವರಿಗೇ ಹೆಚ್ಚು ಗಾಬರಿಯಾಯಿತು. ಎಡಗೈಯಿಂದ ತಮ್ಮ ಬಾಯಿ ಮುಚ್ಚಿಕೊಂಡರು. ಕೈ ತೆಗೆದು ಇನ್ನೇನೋ ಹೇಳಲು ಹೋದರು. ಮತ್ತೆ ಅದೇ ಬಂತು. ನೀರು ಅನ್ನಲು ಹೋದರೂ ಅದೇ, ಹೆಂಡತಿಯ ಹೆಸರು ಹಿಡಿಯಲು ಹೋದರೂ ಅದೇ. ಆ ದಿನದಿಂದ ಅವರು ಗೋಡೆಗೆ ಮುಖ ಮಾಡಿ ಮಲಗತೊಡಗಿದರು.

ಆಸ್ಪತ್ರೆಯಲ್ಲಿ ಈ ಸುದ್ದಿ ಲಗೂ ಹಬ್ಬಿತು. ಮೆಡಿಸಿನ್ ವಿಭಾಗದ ಪ್ರೊಫೆಸರ್ ಡಾ. ಶಶಿಕಾಂತರಿಗೆ ನರರೋಗ ಅಂದರೆ ಪ್ರಾಣ. ಓದಿಕೊಂಡ ಮನುಷ್ಯ, ರೋಗ ಹಿಡಿಯುವುದರಲ್ಲಿ ನಿಸ್ಸೀಮ. ಆದರೆ ಅವರ ನಾಲಿಗೆಗೆ ಹೆದರದ ವಿದ್ಯಾರ್ಥಿ ಆ ಕಾಲೇಜಿನಲ್ಲಿ ಇರಲಿಲ್ಲ. ಮರುದಿನವೇ ಫೈನಲ್ ಇಯರ್‌ನ ಇಡೀ ತಂಡವನ್ನು ಅವರು ಮಾಸ್ತರರ ಮಂಚದ ಸುತ್ತ ನಿಲ್ಲಿಸಿದರು.

ಆ ತಂಡದಲ್ಲಿ ಬ್ಯಾಡಗಿಯ ಶೈಲಶ್ರೀ ಇದ್ದಳು. ಅವಳ ತಂದೆ ವೀರೇಂದ್ರಪ್ಪನವರದು ಮೆಣಸಿನಕಾಯಿ ದಲಾಲಿ ಅಂಗಡಿ. ಅದನ್ನು ಡಾ. ಶಶಿಕಾಂತರು ಅವಳಿಗೆ ಮರೆಯಲು ಬಿಡುತ್ತಿರಲಿಲ್ಲ. ಉತ್ತರ ತಪ್ಪಿದರೆ ಸಾಕು, “ನಿಮ್ಮಪ್ಪ ಚೀಲಗಟ್ಟಲೆ ಮೆಣಸಿನಕಾಯಿ ಸುರುವಿ ಸೀಟು ತೊಗೊಂಡಾನ, ಬುದ್ಧಿ ತೊಗೊಳ್ಳಾಕ ಮರತಾನ,” ಅನ್ನುತ್ತಿದ್ದರು. ಉಳಿದವರು ನಗುತ್ತಿದ್ದರು. ಶೈಲಶ್ರೀ ಹಲ್ಲು ಕಚ್ಚಿಕೊಂಡು ರಾತ್ರಿ ಹಗಲು ಓದುತ್ತಿದ್ದಳು.

ಡಾ. ಶಶಿಕಾಂತರು ತಮ್ಮ ಪೆನ್ನು ತೆಗೆದು ಮಾಸ್ತರರ ಮುಖದ ಮುಂದೆ ಹಿಡಿದರು. “ಇದೇನ್ರಿ?”

ಮಾಸ್ತರರು ಪೆನ್ನು ನೋಡಿದರು. ಹಣೆಯ ಮೇಲೆ ಬೆವರು ಮೂಡಿತು. ಬಾಯಿ ಬಿಗಿಹಿಡಿದು ತಲೆ ಅಲ್ಲಾಡಿಸಿದರು.

“ನಾಚಿಕಿ ಬ್ಯಾಡ. ಹೇಳ್ರಿ, ಹೇಳ್ರಿ. ಇದೇನು?”

“ಬೋ... ಬೋಳಿಮಗನ.”

ತಂಡ ಗೊಳ್ಳೆಂದು ನಕ್ಕಿತು. ಶೈಲಶ್ರೀಯೂ ನಕ್ಕಳು. ಮಾಸ್ತರರು ಎಡಗೈಯಿಂದ ಬಾಯಿ ಮುಚ್ಚಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವಳ ಮುಖದ ಮೇಲೆ ಆ ನೋಟ ಸ್ವಲ್ಪ ಹೊತ್ತು ನಿಂತಿತು.

“ನೋಡ್ರಿ,” ಡಾ. ಶಶಿಕಾಂತರು ವಿವರಿಸಿದರು. “ಮಿದುಳಿನ ಎಡಕ್ಕ ಮಾತು ಕಟ್ಟೋ ಜಾಗ ಸತ್ತದ. ತಿಳುವಳಿಕಿ ಉಳದದ. ನಾವು ಆಡೂದೆಲ್ಲಾ ಇವ್ರಿಗೆ ತಿಳೀತದ, ತಿರುಗಿ ಹೇಳಾಕ ಆಗೂದಿಲ್ಲ. ಮತ್ತ ಬೈಗುಳ ಹೆಂಗ ಬಂತು? ಬೈಗುಳ ನಾವು ಕಟ್ಟಿ ಆಡೋ ಮಾತಲ್ಲ. ಸೀನು ಬಂದಂಗ ತಾನಾಗೇ ಬೀಳ್ತದ. ಇದಕ್ಕ ಆಟೋಮ್ಯಾಟಿಕ್ ಸ್ಪೀಚ್ ಅಂತೀವಿ. ಪರೀಕ್ಷಾದಾಗ ಇಂಥಾ ಕೇಸ್ ಸಿಗಬೇಕಂದ್ರ ಪುಣ್ಯ ಮಾಡಿರಬೇಕು.”

ಎಲ್ಲಾ ತಿಳಿಯುತ್ತದೆ ಅನ್ನುವ ಮಾತನ್ನು ಮಾಸ್ತರರ ಎದುರೇ, ಅವರ ಕಾಲನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದರು. ಹೇಳುತ್ತಲೇ ಅಂಗಾಲಿಗೆ ಕೀಲಿಕೈಯ ತುದಿಯಿಂದ ಗೀರಿದರು. ಲಕ್ವಾದ ಗುರುತಾಗಿ ಹೆಬ್ಬೆರಳು ಮೇಲೆದ್ದಿತು. ಒಬ್ಬೊಬ್ಬರೂ ಗೀರಿ ನೋಡಲಿ ಅಂದರು. ಗೀರಿ ಗೀರಿ ಅಂಗಾಲು ಕೆಂಪಾಯಿತು.

ಆಮೇಲೆ ಅದು ದಿನದ ಪಾಠವಾಯಿತು. ಹುಡುಗರು ಗುಂಪುಗುಂಪಾಗಿ ಬಂದು ಗಡಿಯಾರ ತೋರಿಸುತ್ತಿದ್ದರು, ಬಾಚಣಿಕೆ ತೋರಿಸುತ್ತಿದ್ದರು, ಬೈಸಿಕೊಂಡು ನಗುತ್ತ ಹೋಗುತ್ತಿದ್ದರು. ಶೈಲಶ್ರೀಗೆ ಕೇಸ್ ಬರೆದು ಒಪ್ಪಿಸುವ ಪಾಳಿ ಬಂದಾಗ ಅವಳು ರಬ್ಬರ್ ತಲೆಯ ಸುತ್ತಿಗೆ ಹಿಡಿದು ಮಂಚದ ಹತ್ತಿರ ಹೋದಳು. ಮಾಸ್ತರರು ಅವಳನ್ನು ಗುರುತಿಸಿದರು. ಎಡಗೈ ಬೀಸಿ ಸುತ್ತಿಗೆಗೆ ಹೊಡೆದ ರಭಸಕ್ಕೆ ಅದು ಪಕ್ಕದ ಮಂಚದ ಕೆಳಗೆ ಹೋಗಿ ಬಿತ್ತು.

“ಎಲ್ಲಾರೂ ಬೈಸ್ಕೊಂಡು ಹೋದ್ರು. ನಿಂದೊಬ್ಬಾಕಿದು ಉಳದಿತ್ತೇನು?” ದೇವವ್ವ ಎದ್ದು ನಿಂತಳು.

“ನಾ ಮಾತಾಡ್ಸಾಕ ಬಂದಿಲ್ರಿ, ಅವ್ವಾರ. ಕೈಕಾಲು ನೋಡಬೇಕು ಅಷ್ಟ.”

“ಅವತ್ತ ನಕ್ಕಾಕಿ ನೀನಽ ಅಲ್ಲಾ?”

ಶೈಲಶ್ರೀಗೆ ಸಿಟ್ಟೇ ಬಂತು. ನಕ್ಕವರು ಹತ್ತಾರು ಮಂದಿ, ಇವರಿಗೆ ತನ್ನ ಮುಖವೇ ಯಾಕೆ ನೆನಪಿರಬೇಕು? ಸುತ್ತಿಗೆ ಹುಡುಕಿಕೊಂಡು ಹೊರಟುಹೋದಳು. ಕೇಸ್ ಬರೆಯದೆ ಬಂದದ್ದಕ್ಕೆ ಡಾ. ಶಶಿಕಾಂತರು ಅವಳನ್ನು ವಾರ್ಡಿನ ಪಾಠದಿಂದ ಹೊರಗೆ ನಿಲ್ಲಿಸಿದರು. “ಒಬ್ಬ ಮೂಕ ಮುದುಕನ ಕಡಿಂದ ಕೆಲಸ ತಗೀಲಿಕ್ಕೆ ಬರಲಿಲ್ಲ, ನೀ ಏನ ಡಾಕ್ಟರ್ ಆಗ್ತಿ?”

ವಾರ್ಡಿನ ಬಾಗಿಲ ಹೊರಗೆ ನಿಂತವಳಿಗೆ ಒಳಗಿನದು ಕಾಣುತ್ತಿತ್ತು. ಬೇರೆ ಕೆಲಸವಿಲ್ಲದೆ ಅವಳು ಮಾಸ್ತರರನ್ನೇ ನೋಡಿದಳು. ಯಾರು ಏನು ತೋರಿಸಿದರೂ ಮಾಸ್ತರರು ಮೊದಲು ಅದನ್ನು ದಿಟ್ಟಿಸುತ್ತಿದ್ದರು, ಕಷ್ಟಪಟ್ಟು ಮಾತು ಹುಡುಕುತ್ತಿದ್ದರು. ಬೈಗುಳ ಹೊರಬಿದ್ದ ಮರುಕ್ಷಣ ಕಣ್ಣು ಕೆಳಗಾಗುತ್ತಿತ್ತು, ಎಡಗೈ ಬಾಯಿಗೆ ಹೋಗುತ್ತಿತ್ತು. ಪ್ರತಿ ಸಲವೂ ಹಾಗೆಯೇ. ಅವಳಿಗೆ ಅವತ್ತು ನಗು ಬರಲಿಲ್ಲ. ಆದರೆ ಒಳಗೆ ಹೋಗಿ ಏನಾದರೂ ಹೇಳುವ ಧೈರ್ಯವೂ ಬರಲಿಲ್ಲ.

ಮಳೆಗಾಲದ ಹೊತ್ತಿಗೆ ಮಾಸ್ತರರನ್ನು ಮನೆಗೆ ಕಳಿಸಿದರು. ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಗುಳಿಗೆ, ಕೈಕಾಲಿನ ವ್ಯಾಯಾಮ ಎಲ್ಲ ಅದೇ ಆಸ್ಪತ್ರೆಯಲ್ಲಿ ಪುಕ್ಕಟೆ ನಡೆದಿತ್ತು. ಚಳಿಗಾಲಕ್ಕೆ ಫೈನಲ್ ಪರೀಕ್ಷೆ ಬಂತು. ಡಾ. ಶಶಿಕಾಂತರಿಗೆ ಪರೀಕ್ಷೆಗೆ ಒಳ್ಳೆಯ ಕೇಸ್‌ಗಳು ಬೇಕಿದ್ದವು. ವ್ಯಾಯಾಮಕ್ಕೆ ಬಂದ ದೇವವ್ವನನ್ನು ಕರೆಸಿ ಹೇಳಿದರು: “ಮುಂದಿನ ವಾರ ಮಾಸ್ತರನ್ನ ಒಂದಿನ ಕಳಿಸಿ ಕೊಡ್ರಿ. ಜೀಪು ಬರ್ತದ.”

“ಆಗೂದಿಲ್ರಿ, ಸಾಹೇಬ್ರ. ಅವ್ರು ಮಂದಿ ಮುಂದ ಬಾಯಿ ತೆಗಿಯೂದಿಲ್ಲ. ಮನ್ಯಾಗ ಮೊಮ್ಮಕ್ಕಳ ಜೋಡಿನೂ ಮಾತಾಡೂದು ಬಿಟ್ಟಾರ.”

“ಫ್ರೀ ಅಂದ್ರ ಬರೇ ನಿಮಗ ಫ್ರೀ ಅಲ್ಲ. ನಮ್ಮ ಕೆಲಸಕ್ಕೂ ನೀವು ಬರಬೇಕಾಗ್ತದ. ಒಲ್ಲೆ ಅಂದ್ರ ನಾಳೆಯಿಂದ ಹಾವೇರಿಗೆ ಹೋಗಿ ರೊಕ್ಕ ಕೊಟ್ಟು ತೋರಿಸ್ಕೋರಿ.”

 ದೇವವ್ವ ಕೇಳಿದಳು: “ಕೈಕಾಲು ಬೇಕಾದಂಗ ನೋಡ್ರಿ. ಬಾಯಿ ಬಿಡಸಬಾರ್ದು. ಮಾತು ಕೊಡ್ತೀರೇನು?”

“ಆತು, ಕೊಟ್ಟೆ.”

ಕಡತಕ್ಕೆ ಸಹಿ ಮಾಡಿಸಲು ಬಂದಿದ್ದ ಶೈಲಶ್ರೀ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ದೇವವ್ವ ಹೊರಗೆ ಬರುವಾಗ ಅವಳನ್ನು ದುರುಗುಟ್ಟಿ ನೋಡಿ ಹೇಳಿದಳು: “ನೀನೂ ಕೇಳೀದಿ.”

ಪರೀಕ್ಷೆಯ ದಿನ ಚೀಟಿ ಎತ್ತಿದಾಗ ಶೈಲಶ್ರೀಗೆ ಹೊಳಿಯಪ್ಪ ಮಾಸ್ತರರೇ ಬಂದರು. ಅವಳ ಗೆಳೆಯ ಸುಭಾಷ, “ನಸೀಬ ಐತಿ ನಿಂದು, ಕಣ್ಣು ಮುಚ್ಚಿ ಹೇಳಬಹುದು,” ಅಂದ. ಮಾಸ್ತರರು ಇಸ್ತ್ರಿ ಮಾಡಿದ ಖಾದಿ ಅಂಗಿ ತೊಟ್ಟು ಮಂಚದ ಮೇಲೆ ಕೂತಿದ್ದರು. ಅವಳನ್ನು ಕಂಡು ಮುಖ ತಿರುಗಿಸಿದರು.

ಶೈಲಶ್ರೀ ಬಂದ ಕೂಡಲೇ ಸುತ್ತಿಗೆಯನ್ನು ಹೊರತೆಗೆಯಲಿಲ್ಲ. ಸ್ಟೂಲಿನ ಮೇಲೆ ಕೂತು ಹೇಳಿದಳು: “ಮಾಸ್ತರ್ರ, ನಾ ನಿಮ್ಮನ್ನ ಬಾಯಿ ಬಿಡ್ಸೂದಿಲ್ಲ. ನಾ ಕೇಳಿದ್ದಕ್ಕ ಗೋಣು ಹಾಕ್ರಿ, ಸಾಕು. ಬ್ಯಾಡ ಅನ್ನಿಸಿದ್ರ ಕೈ ಎತ್ರಿ, ನಿಲ್ಲಸ್ತೇನಿ.”

ಅವರು ತಿರುಗಿ ನೋಡಲಿಲ್ಲ. ಆದರೆ ಅವಳು ಮೊಣಕಾಲಿಗೆ ಸುತ್ತಿಗೆ ಬಡಿಯುವಾಗ ಕಾಲು ಎಳೆದುಕೊಳ್ಳಲಿಲ್ಲ. ಕೇಳಿದ್ದಕ್ಕೆ ಹೌದು, ಇಲ್ಲ ಅಂತ ತಲೆ ಅಲ್ಲಾಡಿಸಿದರು. ಬರೆಯಲು ಬರುತ್ತದೇನು ಅಂತ ಎಡಗೈಗೆ ಪೆನ್ಸಿಲ್ ಕೊಟ್ಟಾಗ ಒಂದು ಗೆರೆ ಎಳೆದು, ಮುಂದೆ ಏನೆಂದು ತಿಳಿಯದೆ ಪೆನ್ಸಿಲ್ ಕೆಳಗಿಟ್ಟರು.

ಪರೀಕ್ಷಕರು ಬಂದರು. ಹೊರಗಿನ ಪರೀಕ್ಷಕರು ಬೆಳಗಾವಿ ಕಡೆಯವರು, ಮುಪ್ಪಾದ ಮನುಷ್ಯ, ಕಡಿಮೆ ಮಾತು. ಅವರ ಪಕ್ಕದಲ್ಲಿ ಡಾ. ಶಶಿಕಾಂತರು. ಶೈಲಶ್ರೀ ತಡವರಿಸದೆ ಎಲ್ಲ ಹೇಳಿದಳು. ಯಾವ ಕಡೆ ಸೋತಿದೆ, ಎಲ್ಲಿ ರಕ್ತ ನಿಂತಿದೆ, ಮಾತು ಹೋಗಿ ತಿಳುವಳಿಕೆ ಹೇಗೆ ಉಳಿದಿದೆ. ಹೊರಗಿನವರು ತಲೆದೂಗಿದರು.

“ಮಾತಿಂದು ಮಾಡಿ ತೋರ್ಸು,” ಅಂದರು ಡಾ. ಶಶಿಕಾಂತರು. “ಪೆನ್ನು ಹಿಡಿ.”

“ಅವ್ರ ಮನಿಯವ್ರಿಗೆ ಬಾಯಿ ಬಿಡ್ಸೂದಿಲ್ಲ ಅಂತ ಮಾತು ಕೊಟ್ಟೀವಿ, ಸರ್.”

“ಯಾರು ಕೊಟ್ಟಾರ?”

“ನೀವು, ಸರ್.”

ಡಾ. ಶಶಿಕಾಂತರ ಮುಖ ಕೆಂಪಾಯಿತು. ಕಿಸೆಯಿಂದ ತಾವೇ ಪೆನ್ನು ತೆಗೆದು ಮಾಸ್ತರರ ಮೂಗಿನ ಹತ್ತಿರ ಹಿಡಿದರು. “ಮಾಸ್ತರ್ರ, ಇದೇನು? ಸಾಲಿ ಹುಡುಗ್ರಿಗೆ ಜೀವನಪೂರ್ತಿ ಇದನ್ನ ಹಿಡಿಯೂದು ಕಲಿಸೀರಿ. ಹೇಳ್ರಿ. ಬಾಯಿ ತುಂಬ ಬೈದು ಬಿಡ್ರಿ, ಪಾಪ, ಈ ಹುಡುಗಿ ಪಾಸ್ ಆಗಬೇಕು.”

ಮಾಸ್ತರರು ಪೆನ್ನು ನೋಡಲೇ ಇಲ್ಲ. ಎಡಗೈಯಿಂದ ಅದನ್ನು ನಿಧಾನ ಪಕ್ಕಕ್ಕೆ ಸರಿಸಿದರು. ಡಾ. ಶಶಿಕಾಂತರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು:

“ಬೋಳಿಮಗನ.”

ತೊದಲು ಇರಲಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ಕಣ್ಣು ಕೆಳಗಿಳಿಸಲಿಲ್ಲ. ಆಚೆ ಮಂಚದ ಹತ್ತಿರ ನಿಂತಿದ್ದ ಸುಭಾಷನಿಗೆ ನಗು ಉಕ್ಕಿ ಬಂದು ಕೆಮ್ಮಿದ.

ಹೊರಗಿನ ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಶೈಲಶ್ರೀಯನ್ನು ಕೇಳಿದರು: “ಹೇಳವಾ, ಈಗ ಬಂದ ಮಾತು ಯಾವ ಥರದ್ದು? ತಾನಾಗೇ ಬಿದ್ದದ್ದೋ, ಬೇಕಂತ ಆಡಿದ್ದೋ?”

ಡಾ. ಶಶಿಕಾಂತರು ಅವಳನ್ನೇ ನೋಡುತ್ತಿದ್ದರು. ಅವಳಿಗೆ ಏನು ಹೇಳಬೇಕು ಅನ್ನುವುದು ಚೆನ್ನಾಗಿ ಗೊತ್ತಿತ್ತು. ಪುಸ್ತಕದಲ್ಲಿದ್ದ ಉತ್ತರವೂ ಅದೇ, ಕ್ಲಾಸಿನಲ್ಲಿ ಬರೆದುಕೊಂಡದ್ದೂ ಅದೇ. ‘ತಾನಾಗೇ’ ಅನ್ನುವ ಒಂದು ಮಾತು ಆಡಿದರೆ ಅವಳು ಡಾಕ್ಟರ್. 

“ಬೇಕಂತ ಆಡಿದ್ದು, ಸರ್.”

“ವಿಚಾರ ಮಾಡಿ ಹೇಳು,” ಅಂದರು ಡಾ. ಶಶಿಕಾಂತರು.

“ವಿಚಾರ ಮಾಡೇನಿ, ಸರ್. ತಾನಾಗೇ ಬಂದಾಗ ಅವ್ರು ತೋರ್ಸಿದ ವಸ್ತು ನೋಡ್ತಾರ, ಮಾತು ಹುಡುಕ್ತಾರ, ಬೆವರ್ತಾರ. ಬಂದ ಮ್ಯಾಲೆ ನಾಚಿ ಬಾಯಿ ಮುಚ್ಕೋತಾರ. ನಾ ವಾರ್ಡಿನ್ಯಾಗ ಎಷ್ಟೋ ಸಲ ನೋಡೇನಿ. ಈ ಸಲ ಪೆನ್ನು ಸರಿಸಿದ್ರು, ಮುಖ ನೋಡಿದ್ರು, ಆಮ್ಯಾಲೆ ಹೇಳಿದ್ರು. ಬಾಯಿ ಮುಚ್ಚಲಿಲ್ಲ. ಅವ್ರ ಹತ್ರ ಉಳದಿದ್ದು ಒಂದಽ ಮಾತು. ಅದನ್ನ ಹಾಕೋ ಜಾಗಾ ನೋಡಿ ಹಾಕ್ಯಾರ.”

ಮುದುಕ ಪರೀಕ್ಷಕರು ಮಾಸ್ತರರ ಕಡೆ ತಿರುಗಿದರು. “ಈ ಹುಡುಗಿ ಹೇಳಿದ್ದು ಖರೇ ಏನ್ರಿ, ಗುರುಗಳ?”

ಮಾಸ್ತರರು ಹೌದೆಂದು ಗೋಣು ಹಾಕಿದರು.

“ಸರಿ,” ಅಂದರು ಅವರು. ಮುಂದಿನ ಮಂಚಕ್ಕೆ ಹೋದರು.

ಹೊರಗೆ ಕಾರಿಡಾರಿನಲ್ಲಿ ಡಾ. ಶಶಿಕಾಂತರು ಅವಳ ಪಕ್ಕದಲ್ಲಿ ಹಾದು ಹೋಗುವಾಗ ನಿಂತರು. ದನಿ ಎತ್ತಲಿಲ್ಲ. “ಇನ್ನೂ ಆರು ತಿಂಗಳ ನಮ್ಮ ಜೋಡೀನ ಇರ್ತಿ. ಬ್ಯಾಡಗಿಗೆ ತಿಳಿಸಿಬಿಡು.”

ಹಾಗೆಯೇ ಆಯಿತು. ಫಲಿತಾಂಶ ಬಂದಾಗ ಸುಭಾಷ ಪಾಸಾಗಿದ್ದ, ತಂಡದವರು ಬಹುತೇಕ ಪಾಸಾಗಿದ್ದರು. ಶೈಲಶ್ರೀ ಮೆಡಿಸಿನ್‌ನಲ್ಲಿ ಫೇಲಾಗಿದ್ದಳು. ಆ ಮುದುಕ ಪರೀಕ್ಷಕರು ಅವಳ ಪರವಾಗಿ ಮಾತಾಡಿದರೋ, ಸುಮ್ಮನಿದ್ದು ಹೋದರೋ, ಅವಳಿಗೆ ಯಾವತ್ತೂ ತಿಳಿಯಲಿಲ್ಲ.

ಬ್ಯಾಡಗಿಯ ಮನೆಯಲ್ಲಿ ಮೆಣಸಿನಕಾಯಿ ಸುಗ್ಗಿ. ಘಾಟಿಗೆ ಕೆಮ್ಮುತ್ತಲೇ ತಂದೆ ಕೂಗಾಡಿದರು. “ದೊಡ್ಡವ್ರು ಹೇಳಿದ್ದಕ್ಕ ಹೂಂ ಅಂದು ಬರಾಕ ನಿನಗೇನ ಧಾಡಿಯಾಗಿತ್ತು? ಅಂವ ಮುದುಕ ನಿನ್ನ ಬಂಧುನೋ ಬಳಗನೋ?”

“ನನ್ನನ್ನ ಕಂಡ್ರ ಅವ್ರಿಗೆ ಆಗೂದಿಲ್ಲ,” ಅಂದಳು ಶೈಲಶ್ರೀ.

“ಮತ್ತ ಯಾಕ ಹೇಳಿದಿ?”

ಶೈಲಶ್ರೀ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಒಂದು ಮುಂಜಾನೆ ಯಾರಿಗೂ ಹೇಳದೆ ಹಾವೇರಿ ಬಸ್ಸು ಹತ್ತಿ, ಅಲ್ಲಿಂದ ಹೊಸರಿತ್ತಿಗೆ ಹೋದಳು. ಯಾಕೆ ಹೊರಟಿದ್ದಾಳೆ ಅನ್ನುವುದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರಾದರೂ ಒಂದು ಒಳ್ಳೆಯ ಮಾತು ಆಡಲಿ ಅನ್ನುವ ಆಸೆ ಒಳಗೆ ಎಲ್ಲೋ ಇತ್ತು.

ದೇವವ್ವ ಬಾಗಿಲಿಗೆ ಅಡ್ಡ ನಿಂತಳು. “ಮತ್ತ್ಯಾರಿಗೆ ತೋರ್ಸಾಕ ಕರ್ಕೊಂಡು ಹೋಗಾಕ ಬಂದಿ?”

“ಯಾರಿಗೂ ಇಲ್ರಿ.”

“ಮಾತು ಕೊಟ್ಟು ಮುರದ್ರಿ. ಅವತ್ತ ಮನಿಗೆ ಬಂದು ಎರಡು ದಿನ ಅನ್ನ ಮುಟ್ಟಲಿಲ್ಲ ಅವ್ರು.”

“ಮುರದಾಕಿ ನಾ ಅಲ್ಲ! ನಿಮ್ಮ ಸಲುವಾಗಿ ನಾ ಫೇಲ್ ಆಗೇನಿ, ಗೊತ್ತೈತೇನು ನಿಮಗ?”

“ನಾವು ಕೇಳಿದ್ವೇನು ಫೇಲ್ ಆಗು ಅಂತ? ನಕ್ಕು ಪಾಸ್ ಆಗಾಕ ಬಂದಿದ್ದಿ, ನಗೂದು ತಪ್ಪಿತು, ಫೇಲ್ ಆದಿ. ನಮ್ಮ ಮ್ಯಾಲೆ ಯಾಕ ಉಪಕಾರ ಹೊರಸ್ತಿ?”

ಶೈಲಶ್ರೀಗೆ ಕಪಾಳಕ್ಕೆ ಹೊಡೆದಂತಾಯಿತು. ತಿರುಗಿ ಹೊರಡುವಷ್ಟರಲ್ಲಿ ಒಳಗಿನಿಂದ ಕೋಲು ನೆಲಕ್ಕೆ ಬಡಿಯುವ ಸಪ್ಪಳ ಕೇಳಿತು. ಒಂದು ಸಲ, ಮತ್ತೊಂದು ಸಲ, ಜೋರಾಗಿ. ದೇವವ್ವ ಹಿಂದಕ್ಕೆ ನೋಡಿದಳು. ಬೇಸರದಿಂದ ಬಾಗಿಲು ಬಿಟ್ಟು ಸರಿದಳು. “ಕರೀತಾರ. ಹೋಗು.”

ಮಾಸ್ತರರು ಪಡಸಾಲೆಯ ಖುರ್ಚಿಯಲ್ಲಿದ್ದರು. ಅವಳಿಗೆ ಕುಂದ್ರು ಅಂತ ಕೈ ತೋರಿಸಿದರು. ಏನೋ ಹೇಳಲು ತುಂಬ ಹೊತ್ತು ಒದ್ದಾಡಿದರು. ಕೊನೆಗೆ ಅದೇ ಮಾತು ಹೊರಬಿತ್ತು. ಕೈ ಬಾಯಿಗೆ ಹೋಯಿತು.

“ಇದು ಬೇಕಂತ ಅಂದದ್ದಲ್ಲ. ಗೊತ್ತಾಗ್ತೈತ್ರಿ ನನಗ,” ಅಂದಳು ಅವಳು.

ಮಾಸ್ತರರು ಕೈ ತೆಗೆದರು. ಅವತ್ತು ಅಷ್ಟೇ ನಡೆದದ್ದು. ದೇವವ್ವ ಚಹಾ ಕೊಟ್ಟಳು, ಬಾ ಅಂತಲೂ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ.

ಆರು ತಿಂಗಳು ಮತ್ತೆ ಅದೇ ಪುಸ್ತಕ ಓದುವಾಗ ಶೈಲಶ್ರೀಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಂಥ ರೋಗಿಗಳಿಗೆ ಬೈಗುಳದ ಹಾಗೆಯೇ ಬಾಯಿಪಾಠವೂ ಕೆಲವೊಮ್ಮೆ ಉಳಿದಿರುತ್ತದೆ, ಎಣಿಕೆ, ವಾರಗಳ ಹೆಸರು. ವಾರ್ಡಿನಲ್ಲಿ ಅದನ್ನು ಯಾರೂ ನೋಡಿರಲೇ ಇಲ್ಲ. ಬೈಗುಳ ಸಿಕ್ಕಮೇಲೆ ಎಲ್ಲರಿಗೂ ಅಷ್ಟೇ ಸಾಕಾಗಿತ್ತು. ಅವಳು ಮತ್ತೆ ಹೊಸರಿತ್ತಿಗೆ ಹೋದಳು. ದೇವವ್ವನ ಕಡೆಯಿಂದ ಮಗ್ಗಿ ಶುರುಮಾಡಿಸಿದಳು: “ಎರಡೊಂದ್ಲೆ ಎರಡು, ಎರಡೆರಡ್ಲೆ...”

“ನಾಕು,” ಅಂದರು ಮಾಸ್ತರರು.

ದೇವವ್ವನ ಕೈಯಲ್ಲಿದ್ದ ಮೊರ ನಿಂತಿತು. ಆಕೆ ಮುಂದೆ ಹೇಳಿದಳು. ಮಾಸ್ತರರು ಜೊತೆಗೂಡಿದರು. ಇಪ್ಪತ್ತರವರೆಗೆ ತಪ್ಪಿಲ್ಲದೆ ಹೋಯಿತು. ಮಗ್ಗಿ ಮುಗಿದ ಮೇಲೆ ದೇವವ್ವ ಒಳಗೆ ಹೋಗಿ ತುಸು ಹೊತ್ತು ಹೊರಗೆ ಬರಲಿಲ್ಲ.

ಮುಂದಿನದೇನೂ ಸುಲಭವಾಗಿರಲಿಲ್ಲ. ಕಲಿಸಿದ ಮನುಷ್ಯನಿಗೆ ಕಲಿಯುವುದು ಅವಮಾನ. ಒಂದು ದಿನ ಪಾಟಿ ಎಸೆದರು, ಒಂದು ದಿನ ಶೈಲಶ್ರೀ ಬಂದದ್ದು ಕಂಡು ಹಿತ್ತಲಿಗೆ ಎದ್ದು ಹೋದರು. ಅವಳೂ ತಾಳ್ಮೆಯವಳಲ್ಲ. “ಹಠ ಮಾಡಿದ್ರ ನನಗೇನೂ ಹೋಗೂದಿಲ್ರಿ, ನಿಮಗಽ ಮಾತು ಬರೂದಿಲ್ಲ,” ಅಂತ ಒದರುತ್ತಿದ್ದಳು. ಬಿಸಿಲಿನ ಒಂದು ಮಧ್ಯಾಹ್ನ ಅವಳು ವಾರಗಳ ಹೆಸರು ಮತ್ತೆ ಮತ್ತೆ ಹೇಳಿಸುತ್ತಿದ್ದಾಗ ಮಾಸ್ತರರು ಕೋಲು ಎತ್ತಿ ಅವಳತ್ತ ಚಾಚಿ ಗದರಿದರು:

“ಸಾಕು!”

ಯಾರೂ ಹೇಳಿಕೊಟ್ಟ ಮಾತಲ್ಲ ಅದು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ದೇವವ್ವ ಎಷ್ಟೋ ತಿಂಗಳ ಮೇಲೆ ನಕ್ಕಳು. “ಮೊದಲ ನಿನಗಽ ಬೈದ್ರು ನೋಡು. ಹೋಗಿನ್ನ, ಊಟಾ ಮಾಡಲಿ.”

ಮರುಪರೀಕ್ಷೆಯಲ್ಲಿ ಶೈಲಶ್ರೀ ಪಾಸಾದಳು. ಡಾ. ಶಶಿಕಾಂತರು ಬೇಕಂತಲೇ ಕಠಿಣ ಪ್ರಶ್ನೆ ಕೇಳಿದರು, ಅವಳು ಉತ್ತರ ಕೊಟ್ಟಳು, ಅವರು ಮುಖ ನೋಡದೆ ಅಂಕ ಬರೆದರು. ಅವಳು ಅದೇ ವಾರ್ಡಿನಲ್ಲಿ ಇಂಟರ್ನ್ ಆಗಿ ಸೇರಿದಳು.

ಮುಂದಿನ ಚಳಿಗಾಲದಲ್ಲಿ ಜೀಪು ಮತ್ತೆ ಹೊಸರಿತ್ತಿಗೆ ಹೋಯಿತು. ದೇವವ್ವ ಕಳಿಸಲಿಲ್ಲ. ಗುಳಿಗೆಗೆ ಹಾವೇರಿಗೇ ಹೋಗುತ್ತೇವೆ ಅಂದಳು. ಜೀಪು ಖಾಲಿ ಬಂದದ್ದಕ್ಕೆ ಡಾ. ಶಶಿಕಾಂತರು ವಾರ್ಡಿನಲ್ಲಿ ಎಲ್ಲರ ಮೇಲೆ ಹರಿಹಾಯ್ದರು. ನಂತರ ಅಗಡಿಯಿಂದ ಬೇರೆ ಒಬ್ಬ ಲಕ್ವಾ ಹೊಡೆದವನನ್ನು ಹುಡುಕಿ ತಂದರು. ಅಂಜಿನಪ್ಪ ಅಂತ, ಗಾರೆ ಕೆಲಸದವನು.

ಹೊಸ ತಂಡ ಮಂಚದ ಸುತ್ತ ನಿಂತಿತು. “ಏ ಡಾಕ್ಟರಬಾಯಿ, ಕಾಲು ಹಿಡಿ, ಇವ್ರಿಗೆ ತೋರಸ್ತೇನಿ,” ಅಂದರು ಡಾ. ಶಶಿಕಾಂತರು.

ಶೈಲಶ್ರೀ ಕಾಲು ಹಿಡಿಯುವ ಮೊದಲು ಅಂಜಿನಪ್ಪನ ತಲೆಯ ಕಡೆ ಹೋದಳು. “ಕಾಲು ನೋಡತಾರ, ಅಣ್ಣಾರ. ಅಂಗಾಲಿಗೆ ಗೀರ್ತಾರ, ಸ್ವಲ್ಪ ಚುಚ್ಚಿದಂಗ ಆಗ್ತೈತಿ. ನೋಡ್ಲೇನ್ರಿ?”

“ಟೈಮ್ ಇಲ್ಲ,” ಅಂದರು ಡಾ. ಶಶಿಕಾಂತರು.

ಅವಳು ಕಾಲು ಮುಟ್ಟದೆ ಹಾಗೆಯೇ ನಿಂತಳು. ಅಂಜಿನಪ್ಪ ಒಮ್ಮೆ ಅವಳನ್ನು, ಒಮ್ಮೆ ಸುತ್ತ ನಿಂತ ಹುಡುಗರನ್ನು ನೋಡಿದ. ಅವನಿಗೂ ಮಾತು ಕಷ್ಟವಿತ್ತು. ಡಾ. ಶಶಿಕಾಂತರು ಗಡಿಯಾರ ನೋಡಿಕೊಂಡರು, ಬೈಯಲು ಬಾಯಿ ತೆರೆದರು, ಹುಡುಗರೆಲ್ಲ ತಮ್ಮನ್ನೇ ನೋಡುತ್ತಿರುವುದು ಕಂಡು ಮುಚ್ಚಿದರು. ಅಂಜಿನಪ್ಪ ನಿಧಾನವಾಗಿ ಹೂಂ ಅಂತ ಗೋಣು ಹಾಕಿದ. ಆಗ ಶೈಲಶ್ರೀ ಬಾಗಿ ಅವನ ಕಾಲನ್ನು ಎರಡೂ ಕೈಯಿಂದ ಹಿಡಿದಳು.